ಕ್ರಿಟಾದಲ್ಲಿ ಕ್ಲೋನ್ ಬ್ರಷ್ ಖಾಲಿ ಲೇಯರ್ ಮೇಲೆ ಓಡಿದ್ದು ಹೇಗೆ: ಹಳೇ ಫೋಟೋ ಕೆಲಸದಲ್ಲಿ ನನ್ನ ಅನುಭವ

ಹಳೇ ಫೋಟೋ ಸ್ಕ್ಯಾನ್ ಮಾಡಿ, ಕಲೆ ತೆಗೆದು, ಮೇಲೆ ಡಿಜಿಟಲ್ ಬಣ್ಣ ಹಚ್ಚಿ, ದೊಡ್ಡ ಫ್ರೇಮ್ ಹಾಕಿಸಿ ಕೊಡುವ ಕೆಲಸ ಕಲಬುರಗಿಯಲ್ಲಿ ನಾನೊಬ್ಬನೇ ಮಾಡುವುದಲ್ಲ. ಸೂಪರ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿದರೆ ನನಗಿಂತ ಹಳಬರು ಸಿಗುತ್ತಾರೆ. ಆದರೆ ಸ್ಕ್ಯಾನ್ ಲೇಯರ್‌ಗೆ ಕೈ ಹಚ್ಚದೆ, ರಿಪೇರಿ ಒಂದು ಲೇಯರ್‌ನಲ್ಲಿ, ಬಣ್ಣ ಇನ್ನೊಂದರಲ್ಲಿ, ಕರೆಕ್ಷನ್ ಅದರ ಮೇಲೆ, ಅದೂ ಕ್ರಿಟಾ ಅನ್ನುವ ಪುಕ್ಕಟೆ ಪೇಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಫೋಟೋಶಾಪ್ ಬಿಟ್ಟು ಪುಕ್ಕಟೆ ಸಾಫ್ಟ್‌ವೇರ್ ಹಿಂದ ಬಿದ್ದೀಯಲ್ಲೋ, ಅದ್ರಾಗ ಕ್ಲೋನ್ ಬ್ರಷ್ ಸುದ್ದಾ ಸರಿಯಾಗಿ ಓಡಲ್ಲ" ಅಂತ ನನ್ನ ಗೆಳೆಯನೊಬ್ಬ ಎಲ್ಲರೆದುರೇ ಹೇಳಿದ್ದ. ಕ್ಲೋನ್ ಬ್ರಷ್ ಅಂದರೆ ಚಿತ್ರದ ಒಂದು ಜಾಗದಿಂದ ಎತ್ತಿ ಇನ್ನೊಂದು ಜಾಗಕ್ಕೆ ಹಚ್ಚುವ ಬ್ರಷ್. ಈಗ ಅದೇ ಗೆಳೆಯ ವಾರಕ್ಕೊಮ್ಮೆ ಫೋನ್ ಮಾಡಿ ಫೈಲ್ ಕಳಿಸು ಅಂತ ಕೇಳುತ್ತಾನೆ. ಕಳಿಸಿಲ್ಲ. ಬದಲಿಗೆ ಇಲ್ಲಿ ಬರೆಯುತ್ತಿದ್ದೇನೆ, ಅವನೂ ಓದಲಿ.

ಲೇಯರ್ ಅಂದರೆ ಚಿತ್ರದ ಮೇಲೆ ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು, ಬ್ಲೆಂಡಿಂಗ್ ಮೋಡ್ ಅಂದರೆ ಮೇಲಿನ ಹಾಳೆ ಕೆಳಗಿನದರ ಜೊತೆ ಬೆರೆಯುವ ರೀತಿ. ಇದಕ್ಕಿಂತ ಜಾಸ್ತಿ ಇಲ್ಲಿ ಹೇಳಲ್ಲ. ಈ ಕೆಲಸ ಮಾಡುವವರಿಗೆ ಗೊತ್ತಿರುತ್ತದೆ.

ನನ್ನ ಸಾಮಾನು ದೊಡ್ಡದೇನಲ್ಲ. ಎಂಟು ಜಿಬಿ ರ‍್ಯಾಮ್ ಇರುವ ಹಳೇ ಕಂಪ್ಯೂಟರ್, ಸೆಕೆಂಡ್ ಹ್ಯಾಂಡ್ ಫ್ಲಾಟ್‌ಬೆಡ್ ಸ್ಕ್ಯಾನರ್, ಮಧ್ಯಮ ಸೈಜಿನ ಪೆನ್ ಟ್ಯಾಬ್ಲೆಟ್. ಎಲ್ಲ ಸೇರಿ 40 ಸಾವಿರದ ಒಳಗೇ ಆಗಿತ್ತು. ಆಮೇಲೆ ಯುಪಿಎಸ್‌ಗೆ ಮೂರು ಸಾವಿರದಷ್ಟು ಕೊಟ್ಟೆ. ಬೇಸಿಗೆಯಲ್ಲಿ ನಮ್ಮೂರಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳೋಕೆ ಬರಲ್ಲ, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಲೇಬೇಡಿ. ಫೋಟೋಶಾಪ್‌ಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುವಷ್ಟು ಆರ್ಡರ್ ವರ್ಷಪೂರ್ತಿ ಬರಲ್ಲ. ನಮ್ಮ ಆರ್ಡರ್ ಎಲ್ಲ ತೊಗರಿ ರಾಶಿ ಆಗಿ ಜನರ ಕೈಗೆ ದುಡ್ಡು ಬಂದ ಮೇಲೆ, ಆಮೇಲೆ ಯಾರದಾದರೂ ವರ್ಷದ ಪುಣ್ಯತಿಥಿ ಹತ್ತಿರ ಬಂದಾಗ. ಉಳಿದ ತಿಂಗಳು ಪಾಸ್‌ಪೋರ್ಟ್ ಫೋಟೋ, ಆಧಾರ್ ಝೆರಾಕ್ಸ್. ಕಳ್ಳ ಕಾಪಿ ಹಾಕಿಕೊಂಡರೆ ಆಯ್ತಲ್ಲ ಅನ್ನುವವರಿದ್ದಾರೆ. ಒಮ್ಮೆ ಅಂಥ ಕಾಪಿಯ ಜೊತೆ ಬಂದ ವೈರಸ್‌ಗೆ ಪಕ್ಕದ ಅಂಗಡಿಯವನ ಮದುವೆ ಫೋಟೋಗಳೆಲ್ಲ ಹೋದದ್ದನ್ನು ನೋಡಿದ್ದೇನೆ, ಆ ದಾರಿ ನನಗೆ ಬೇಡ.

ಈಗ ವಿಷಯಕ್ಕೆ ಬರ್ತೇನೆ.

ಬರುವ ಫೋಟೋಗಳು ಹೇಗಿರುತ್ತವೆ ಅಂದರೆ, ಅಂಗೈಗಿಂತ ಸಣ್ಣ ಕಪ್ಪು ಬಿಳುಪು ಪ್ರಿಂಟ್, ಹಿಂದೆ ಯಾವುದೋ ಸ್ಟುಡಿಯೋದ ಮುದ್ರೆ, ಅದರ ಕೆಳಗೆ 'ಗುಲ್ಬರ್ಗಾ'. ಮಳೆ ನೀರಿನ ಕಲೆ, ಮಡಚಿದ ಗೆರೆ, ಫಂಗಸ್. ಕಪ್ಪಿರುವ ಕಡೆಯೆಲ್ಲ ಬೆಳ್ಳಿಯಂಥ ನೀಲಿ ಹೊಳಪು ಬಂದಿರುತ್ತದೆ. ಇದನ್ನು 12ಕ್ಕೆ 18 ಇಂಚು ಮಾಡಿಕೊಡಿ ಅನ್ನುತ್ತಾರೆ. 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕೆಗೆ, ಲೆಕ್ಕ ಹಾಕಿದರೆ 3600ಕ್ಕೆ 5400 ಪಿಕ್ಸೆಲ್. ಒಂದು ತುಂಬಿದ ಲೇಯರ್ 8 ಬಿಟ್‌ನಲ್ಲಿ 78 ಎಂಬಿ ಹತ್ತಿರ ತಿನ್ನುತ್ತದೆ, 16 ಬಿಟ್ ಇಟ್ಟರೆ ಅದರ ಎರಡರಷ್ಟು. ಖಾಲಿ ಲೇಯರ್‌ನಲ್ಲಿ ಅಲ್ಲಲ್ಲಿ ಮಾತ್ರ ಬ್ರಷ್ ಆಡಿಸಿದರೆ ಅಷ್ಟು ತಿನ್ನಲ್ಲ, ಕ್ರಿಟಾ ಚಿತ್ರವನ್ನು 64ಕ್ಕೆ 64ರ ಸಣ್ಣ ಚೌಕಗಳಾಗಿ ಇಟ್ಟುಕೊಳ್ಳುತ್ತದೆ. ರಿಪೇರಿಯನ್ನು ಬೇರೆ ಲೇಯರ್‌ನಲ್ಲಿ ಮಾಡಲು ಇದೂ ಒಂದು ಕಾರಣ. ಇಡೀ ಸ್ಕ್ಯಾನ್‌ನ ನಾಲ್ಕೈದು ಕಾಪಿ ಇಟ್ಟುಕೊಂಡು ಒದ್ದಾಡುವುದಕ್ಕಿಂತ ಇದು ಹಗುರ.

ನಾವು ಪ್ರಿಂಟ್ ಹಾಕಿಸುವ ಲ್ಯಾಬಿನ ಹಿರಿಯರು ಬೇರೆಯದೇ ಹೇಳಿದ್ದರು. "ತಮ್ಮಾ, ಒರಿಜಿನಲ್ ಮ್ಯಾಲೇ ಹೊಡಿ, ಒಂದು ಕಾಪಿ ತೆಗೆದಿಟ್ಕೋ, ಮುಗೀತು." ಅವರು ಮೂವತ್ತು ವರ್ಷದಿಂದ ಈ ಕೆಲಸದಲ್ಲಿದ್ದಾರೆ, ನೆಗೆಟಿವ್ ಮೇಲೆ ಪೆನ್ಸಿಲ್‌ನಲ್ಲಿ ರಿಟಚ್ ಮಾಡಿದ ಕೈ. ಅವರ ಮಾತು ತೆಗೆದುಹಾಕುವಂತಿಲ್ಲ. ಆದರೆ ಅವರ ಗಿರಾಕಿ "ಆಯ್ತ್ರೀ" ಅಂತ ಫೋಟೋ ಒಯ್ಯುತ್ತಿದ್ದ, ನನ್ನ ಗಿರಾಕಿ ವಾಟ್ಸಾಪ್‌ನಲ್ಲಿ ಇಡೀ ಬಳಗಕ್ಕೆ ಕಳಿಸಿ ಆರು ಬದಲಾವಣೆ ತರುತ್ತಾನೆ. ಮೀಸೆ ಸ್ವಲ್ಪ ದಪ್ಪ, ಕಿವಿ ಹತ್ತಿರದ ಕಲೆ ಕಲೆಯಲ್ಲ ಮಚ್ಚೆ, ಅದು ಬೇಕು, ವಾಪಸ್ ಹಾಕಿ. ಒರಿಜಿನಲ್ ಮೇಲೇ ಕ್ಲೋನ್ ಹೊಡೆದಿದ್ದರೆ ಆ ಮಚ್ಚೆ ಎಲ್ಲಿಂದ ತರಲಿ?

ಹಾಗಾಗಿ ಸ್ಕ್ಯಾನ್ ಕೆಳಗೆ, ಮೇಲೆ ಖಾಲಿ ಲೇಯರ್, ಕ್ಲೋನ್ ಬ್ರಷ್ ತಗೊಂಡು ಕಂಟ್ರೋಲ್ ಒತ್ತಿ ಚೆನ್ನಾಗಿರುವ ಜಾಗದ ಮೇಲೆ ಕ್ಲಿಕ್, ಆಮೇಲೆ ಕಲೆಯ ಮೇಲೆ ಎಳೆದರೆ ಏನೂ ಇಲ್ಲ. ಬ್ರಷ್ ಓಡುತ್ತದೆ, ಅನ್‌ಡೂ ಪಟ್ಟಿಯಲ್ಲಿ ಹೆಸರು ಬರುತ್ತದೆ, ಚಿತ್ರದ ಮೇಲೆ ಒಂದು ಚುಕ್ಕೆ ಬದಲಾಗಲ್ಲ. ಕಾರಣ ಸುಲಭ, ಬ್ರಷ್ ಈಗ ಆರಿಸಿರುವ ಲೇಯರ್‌ನಿಂದಲೇ ಎತ್ತುತ್ತಿದೆ, ಆ ಲೇಯರ್ ಖಾಲಿ, ಖಾಲಿಯನ್ನು ಖಾಲಿಯ ಮೇಲೆ ಹಚ್ಚುತ್ತಿದೆ. ಬಹಳ ಜನ ಇಲ್ಲಿಗೇ ಬಿಟ್ಟು 'ಕ್ರಿಟಾದಲ್ಲಿ ಕ್ಲೋನ್ ಓಡಲ್ಲ' ಅಂತ ಹೇಳಿಕೊಂಡು ತಿರುಗುತ್ತಾರೆ. ನನ್ನ ಗೆಳೆಯನೂ ಇಲ್ಲಿಗೇ ಬಿಟ್ಟಿದ್ದ.

ಮುಂದಿನ ಹೆಜ್ಜೆ ಎಲ್ಲರಿಗೂ ಹೊಳೆಯುತ್ತದೆ. ಬ್ರಷ್ ಎಡಿಟರ್ ತೆಗೆದರೆ ಎಲ್ಲ ಕಾಣುವ ಲೇಯರ್‌ಗಳಿಂದ ಕ್ಲೋನ್ ಮಾಡು ಅನ್ನುವ ಟಿಕ್ ಇದೆ. ಜಿಂಪ್ ಅನ್ನುವ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಇದೇ ಕೆಲಸಕ್ಕೆ 'ಸ್ಯಾಂಪಲ್ ಮರ್ಜ್ಡ್', ಫೋಟೋಶಾಪ್‌ನಲ್ಲಿ 'ಆಲ್ ಲೇಯರ್ಸ್'. ಟಿಕ್ ಹಾಕಿದೆ, ಓಡಿತು. ಹಿಂದಿನ ಗೋಡೆಯ ಕಲೆಗಳ ಮೇಲೆ ಪರೀಕ್ಷೆ ಮಾಡಿದೆ, ಚೊಕ್ಕ. ಖುಷಿಯಾಗಿ ಅದೇ ರೀತಿಯಲ್ಲಿ ಒಂದಷ್ಟು ಆರ್ಡರ್ ಮುಗಿಸಿದೆ. ದುಡ್ಡು ಹೋದದ್ದು ಇಲ್ಲೇ.

ಮೊದಲ ಪೆಟ್ಟು ಆಳಂದ ಕಡೆಯ ಒಂದು ಮನೆಯವರದು. ಅಜ್ಜನ ಫೋಟೋ, ಪ್ರಿಂಟ್, ಲ್ಯಾಮಿನೇಷನ್, ಫ್ರೇಮ್ ಎಲ್ಲ ಆಗಿ ಒಯ್ದರು. ಮರುದಿನ ವಾಪಸ್ ತಂದರು. ಅವರ ಮಗಳು ಫ್ರೇಮನ್ನು ಬಾಗಿಲ ಬೆಳಕಿಗೆ ಹಿಡಿದು ಕೇಳಿದಳು, "ಅಣ್ಣಾ, ಗಲ್ಲದ ಮ್ಯಾಲ ಇದೇನ್ರೀ, ತೇಪಿ ಹಚ್ಚಿದಂಗ ಕಾಣ್ತದ?" ನಿಜ, ಗಲ್ಲದ ಮೇಲೆ ಎರಡು ಮೂರು ದುಂಡು ಗುರುತು, ಒಂದು ಸ್ವಲ್ಪ ಕಪ್ಪು, ಇನ್ನೊಂದು ಸ್ವಲ್ಪ ಬಿಳಿ. ನನ್ನ ಹಳೇ ಮಾನಿಟರ್‌ನಲ್ಲಿ ಅವು ಕಂಡೇ ಇರಲಿಲ್ಲ. ಲ್ಯಾಮಿನೇಷನ್ ಹೊಳಪಿನಲ್ಲಿ ಎದ್ದು ಕಾಣುತ್ತಿದ್ದವು. ಪ್ರಿಂಟ್, ಫ್ರೇಮ್ ಸೇರಿ ನನ್ನ ಕೈಯಿಂದ 700ರ ಆಸುಪಾಸು ಹೋಯಿತು, ಅವರಿಂದ ತಗೊಂಡದ್ದೇ 1,800. ಅದೇ ತಿಂಗಳು ಅಂಥವೇ ಇನ್ನೂ ಕೆಲವು ವಾಪಸ್ ಬಂದವು. ಒಟ್ಟು ಮೂರು ಸಾವಿರ ದಾಟಿರಬೇಕು.

ಯಾಕೆ ಹೀಗೆ ಅಂತ ಕೂತು ಲೆಕ್ಕ ಹಾಕಿದೆ. ಇದು ಸಾಫ್ಟ್‌ವೇರ್ ತಪ್ಪಲ್ಲ, ಲೇಯರ್ ಜೋಡಣೆಯ ಲೆಕ್ಕ. ಮಾಸಿದ ಫೋಟೋದಲ್ಲಿ ಪೂರ್ತಿ ಕಪ್ಪು ಇರಲ್ಲ, ಪೂರ್ತಿ ಬಿಳಿಯೂ ಇರಲ್ಲ. 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ ಅಂತ ಅಳೆದರೆ, ಎಲ್ಲ 70ರಿಂದ 190ರ ಒಳಗೆ ಸಿಕ್ಕಿಕೊಂಡಿರುತ್ತದೆ ಅಂತಿಟ್ಟುಕೊಳ್ಳಿ. ಅದನ್ನು ಎಳೆದು 0ರಿಂದ 255ಕ್ಕೆ ತರಲು ಎಲ್ಲಕ್ಕಿಂತ ಮೇಲೆ ಲೆವೆಲ್ಸ್ ಫಿಲ್ಟರ್ ಲೇಯರ್, ಅಂದರೆ ಕೆಳಗಿನದ್ದೆಲ್ಲದರ ಕಪ್ಪು ಬಿಳುಪನ್ನು ತಿದ್ದಿ ತೋರಿಸುವ ಲೇಯರ್, ಹಾಕಿರುತ್ತೇವೆ. ಸ್ಕ್ಯಾನ್‌ನಲ್ಲಿ 120 ಇರುವ ಪಿಕ್ಸೆಲ್ ಆ ಫಿಲ್ಟರ್ ದಾಟಿ 106 ಆಗಿ ಕಾಣುತ್ತದೆ. 'ಎಲ್ಲ ಕಾಣುವ ಲೇಯರ್' ಅಂದಾಗ ಬ್ರಷ್ ಎತ್ತುವುದು ಈ 106 ಅನ್ನು. ತಂದು ಹಚ್ಚುವುದು ಫಿಲ್ಟರ್‌ನ ಕೆಳಗಿನ ರಿಪೇರಿ ಲೇಯರ್ ಮೇಲೆ. ಅಲ್ಲಿ ಮತ್ತೆ ಫಿಲ್ಟರ್ ಬೀಳುತ್ತದೆ, 106 ಹೋಗಿ 76 ಆಗುತ್ತದೆ. ಒಂದೇ ಕರೆಕ್ಷನ್ ಎರಡು ಸಲ. 100 ಇದ್ದದ್ದು ಮೊದಲು 64, ಆಮೇಲೆ ನೇರ ಸೊನ್ನೆ, ಕಾಡಿಗೆ ಕಪ್ಪು. 160 ಇದ್ದದ್ದು 191, ಆಮೇಲೆ 255, ಸುಣ್ಣದ ಬಿಳಿ.

ಇದರಲ್ಲಿ ಮೋಸ ಮಾಡುವ ಜಾಗ ಒಂದಿದೆ, ಅದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ. ಮೇಲಿನ ಲೆಕ್ಕದಲ್ಲಿ 132ರ ಹತ್ತಿರ ಇರುವ ಬೂದು ಬಣ್ಣ ಎಷ್ಟು ಸಲ ಫಿಲ್ಟರ್ ದಾಟಿದರೂ 132ರ ಹತ್ತಿರವೇ ಉಳಿಯುತ್ತದೆ. ಸ್ಟುಡಿಯೋ ಪರದೆ, ಹಿಂದಿನ ಗೋಡೆ, ಎಲ್ಲ ಸುಮಾರು ಅದೇ ಬೂದು. ನಾವು ಪರೀಕ್ಷೆ ಮಾಡುವುದು ಎಲ್ಲಿ? ಗೋಡೆಯ ಮೇಲೆ. ಅಲ್ಲಿ ಎಲ್ಲ ಸರಿ ಕಾಣುತ್ತದೆ. ಮುಖಕ್ಕೆ ಬಂದರೆ 128 ಇದ್ದಲ್ಲಿ ಹತ್ತು ಅಂಕಿಯಷ್ಟು ಕಪ್ಪು, 140 ಇದ್ದಲ್ಲಿ ಹದಿನೆಂಟು ಅಂಕಿಯಷ್ಟು ಬಿಳಿ. ಮೆತ್ತನೆ ಅಂಚಿನ ಬ್ರಷ್ ಇದನ್ನು ಇನ್ನೂ ಮುಚ್ಚಿಡುತ್ತದೆ. ಅದಕ್ಕೇ ಈಗ ನಾನು ಯಾವ ಪರೀಕ್ಷೆಯನ್ನೂ ಗೋಡೆಯ ಮೇಲೆ ಮಾಡಲ್ಲ. ಕೂದಲ ನೆರಳು, ಇಲ್ಲ ಧೋತರದ ಬಿಳಿ ಮಡಿಕೆ, ಈ ಎರಡೇ.

ಎರಡನೇ ಪೆಟ್ಟು ಬಣ್ಣದ್ದು. ಜೇವರ್ಗಿಯಿಂದ ಒಬ್ಬರು ತಂದೆಯವರ ಫೋಟೋ ತಂದಿದ್ದರು, ರುಮಾಲು ಸುತ್ತಿದ್ದ ದೊಡ್ಡ ಮುಖ, ಒಳ್ಳೆ ಫೋಟೋ. ರುಮಾಲಿನ ಮೇಲೆ ಅಡ್ಡಕ್ಕೆ ಮಡಚಿದ ಗೆರೆ ಹೋಗಿತ್ತು. ಬಣ್ಣದ ಲೇಯರ್ ಮಲ್ಟಿಪ್ಲೈನಲ್ಲಿ (ಕೆಳಗಿನದನ್ನು ಗಾಢ ಮಾಡುತ್ತಾ ಬೆರೆಯುವ ಮೋಡ್) ಇಟ್ಟು ಕೆಂಪು ಹಚ್ಚಿದ್ದೆ, ಆಮೇಲೆ ಕೆಳಗಿನ ರಿಪೇರಿ ಲೇಯರ್‌ಗೆ ಹೋಗಿ ಗೆರೆ ತೆಗೆದಿದ್ದೆ, ಟಿಕ್ ಹಾಗೇ ಇತ್ತು. ಚೆನ್ನಾಗೇ ಬಂದಿತ್ತು. ಡ್ರಾಫ್ಟ್ ಕಳಿಸಿದೆ. "ಅಣ್ಣಾವ್ರ, ನಮ್ಮಪ್ಪನ ರುಮಾಲ ಕೆಂಪ ಅಲ್ಲರೀ, ಗುಲಾಬಿ ಇತ್ತು." ಅದೇನು ದೊಡ್ಡ ಮಾತು ಅಂತ ಬಣ್ಣದ ಲೇಯರ್‌ನಲ್ಲಿ ಗುಲಾಬಿ ಮಾಡಿದೆ. ರುಮಾಲು ಗುಲಾಬಿ ಆಯಿತು, ಗೆರೆ ಇದ್ದ ಜಾಗದಲ್ಲಿ ಮಾತ್ರ ಒಂದು ಎಡದಿಂದ ಬಲಕ್ಕೆ ಹೋದ ಕೆಂಪು ಪಟ್ಟಿ, ಅದೂ ದಟ್ಟ ಕೆಂಪು, ಹಣೆಗೆ ಏಟು ಬಿದ್ದು ಬಟ್ಟೆಗೆ ರಕ್ತ ಹತ್ತಿದ ಹಾಗೆ. ಕ್ಲೋನ್ ಬ್ರಷ್ ಕಪ್ಪು ಬಿಳುಪು ಮಾತ್ರ ಎತ್ತಿರಲಿಲ್ಲ, ಮೇಲಿನ ಕೆಂಪನ್ನೂ ಸೇರಿಸಿ ಎತ್ತಿ ಕೆಳಗೆ ಹಚ್ಚಿತ್ತು. ಇಡೀ ರುಮಾಲು ಮತ್ತೆ ಮಾಡಿದೆ, ಒಂದು ಸಂಜೆ ಹೋಯಿತು. ಗಿರಾಕಿಯ ಹತ್ತಿರ ಅದಕ್ಕೆ ದುಡ್ಡು ಕೇಳೋಕಾಗುತ್ತಾ?

ಅಲ್ಲಿಂದ ನಾನು ತೀರ್ಮಾನಿಸಿದ್ದು, ಕ್ಲೋನ್‌ಗೆ ಮೂಲ ಯಾವತ್ತೂ ಕರೆಕ್ಷನ್ ಮತ್ತು ಬಣ್ಣದ ಕೆಳಗೆ ಇರಬೇಕು. ಮೇಲಿನದು ಏನೂ ಅದಕ್ಕೆ ತಾಗಬಾರದು. ಫೋಟೋಶಾಪ್‌ನಲ್ಲಿ ಇದಕ್ಕೆ ಸುಲಭ ದಾರಿ ಇದೆ, ಒಪ್ಪುತ್ತೇನೆ. 'ಕರೆಂಟ್ ಅಂಡ್ ಬಿಲೋ' ಅಂದರೆ ಈ ಲೇಯರ್ ಮತ್ತು ಅದರ ಕೆಳಗಿನವು ಮಾತ್ರ, ಅಡ್ಜಸ್ಟ್‌ಮೆಂಟ್ ಲೇಯರ್‌ಗಳನ್ನು, ಅಂದರೆ ಲೆವೆಲ್ಸ್‌ನಂಥ ಕರೆಕ್ಷನ್‌ಗಳನ್ನು, ಬಿಟ್ಟುಬಿಡುವ ಒಂದು ಬಟನ್ ಕೂಡ ಇದೆ. ಗೆಳೆಯ ಇದನ್ನೇ ಎತ್ತಿ ಎತ್ತಿ ತೋರಿಸುತ್ತಿದ್ದ. ಕ್ರಿಟಾದಲ್ಲಿ ಆ ಬಟನ್ ಹುಡುಕುತ್ತಾ ಕೂತಿದ್ದರೆ ಇವತ್ತಿಗೂ ಕೂತಿರುತ್ತಿದ್ದೆ.

ಮೇಲಿನ ಲೇಯರ್‌ಗಳ ಕಣ್ಣು ಮುಚ್ಚಿ ಕ್ಲೋನ್ ಮಾಡುವುದನ್ನೂ ನೋಡಿದೆ. ಅಂದರೆ ಲೆವೆಲ್ಸ್ ಮತ್ತು ಬಣ್ಣ ಎರಡನ್ನೂ ಮರೆ ಮಾಡಿ, 'ಎಲ್ಲ ಕಾಣುವ' ಟಿಕ್ ಇಟ್ಟು ಕೆಲಸ. ಲೆಕ್ಕಕ್ಕೆ ಸರಿ. ಆದರೆ ಮಾಸಿದ ಫೋಟೋವನ್ನು ಮಾಸಿದ ಹಾಗೇ ನೋಡುತ್ತಾ ರಿಪೇರಿ ಮಾಡಬೇಕು. ಆ ಮಬ್ಬಿನಲ್ಲಿ ಅರ್ಧ ಕಲೆ ಕಾಣುವುದೇ ಇಲ್ಲ, ಫಿಲ್ಟರ್ ವಾಪಸ್ ಹಾಕಿದ ತಕ್ಷಣ ಹತ್ತು ಹೊಸ ಕಲೆ ಎದ್ದು ನಿಲ್ಲುತ್ತವೆ. ಮುಚ್ಚು, ತೆಗೆ, ಮುಚ್ಚು, ತೆಗೆ. ಒಂದು ಫೋಟೋಗೆ ಇದು ನಡೆಯುತ್ತದೆ, ಸೀಸನ್‌ನಲ್ಲಿ ನಡೆಯಲ್ಲ.

ಕೊನೆಗೆ ದಾರಿ ತೋರಿಸಿದ್ದು ಕಂಟ್ರೋಲ್ ಜೊತೆ ಆಲ್ಟ್. ಬರೀ ಕಂಟ್ರೋಲ್ ಕ್ಲಿಕ್ ಎಲ್ಲಿಂದ ಎತ್ತಬೇಕು ಅನ್ನುವ ಬಿಂದುವನ್ನು ಮಾತ್ರ ಬದಲಿಸುತ್ತದೆ. ಕಂಟ್ರೋಲ್ ಆಲ್ಟ್ ಎರಡೂ ಒತ್ತಿ ಕ್ಲಿಕ್ ಮಾಡಿದರೆ ಯಾವ ಲೇಯರ್‌ನಿಂದ ಎತ್ತಬೇಕು ಅನ್ನುವುದನ್ನೂ ಕಟ್ಟಿ ಹಾಕುತ್ತದೆ, ಆಗ ಆರಿಸಿರುವ ಲೇಯರ್ ಯಾವುದೋ ಅದೇ ಮೂಲ. ಆಮೇಲೆ ನೀವು ಬೇರೆ ಲೇಯರ್‌ಗೆ ಹೋಗಿ ಕಂಟ್ರೋಲ್ ಕ್ಲಿಕ್ ಮಾಡುತ್ತಾ ಹೋಗಬಹುದು, ಮೂಲ ಲೇಯರ್ ಬದಲಾಗಲ್ಲ. ಇದಕ್ಕೆ 'ಎಲ್ಲ ಕಾಣುವ' ಟಿಕ್ ತೆಗೆದಿರಬೇಕು, ಅದಿದ್ದರೆ ಬ್ರಷ್ ಇಡೀ ಚಿತ್ರದಿಂದಲೇ ಎತ್ತುತ್ತದೆ. ಬ್ರಷ್ ಕರ್ಸರ್ ಸೆಟ್ಟಿಂಗ್‌ನಲ್ಲಿ ಔಟ್‌ಲೈನ್ ಹಾಕಿಟ್ಟುಕೊಳ್ಳಿ, ಇಲ್ಲದಿದ್ದರೆ ಮೂಲ ಬಿಂದು ಎಲ್ಲಿದೆ ಅಂತ ಕಾಣಲ್ಲ. ಪೆನ್‌ನಲ್ಲಿ ಈ ಕ್ಲಿಕ್ ಜಾರುತ್ತದೆ, ನಾನು ಅದೊಂದಕ್ಕೆ ಮಾತ್ರ ಎಡಗೈಯಿಂದ ಮೌಸ್ ಒತ್ತುತ್ತೇನೆ. ಬೇರೆ ಬ್ರಷ್‌ಗೆ ಹೋಗಿ ಬಂದರೆ ಸುಮ್ನೆ ಮತ್ತೊಮ್ಮೆ ಕಂಟ್ರೋಲ್ ಆಲ್ಟ್ ಒತ್ತಿಬಿಡುವುದು ನನ್ನ ರೂಢಿ, ನಂಬಿಕೊಂಡು ಕೂರಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಮೂಲ ಅಂತ ಸ್ಕ್ಯಾನ್ ಲೇಯರನ್ನೇ ಕಟ್ಟಿದರೆ ಹೊಸ ತಲೆನೋವು. ಮಡಿಕೆಯ ಗೆರೆ ಉದ್ದಕ್ಕೂ ಹೋಗಿದೆ, ಅದರ ಮೇಲಿನ ಅರ್ಧ ರಿಪೇರಿ ಆಗಿದೆ, ಈಗ ಆ ರಿಪೇರಿ ಆದ ಜಾಗದಿಂದಲೇ ಎತ್ತಿ ಕೆಳಗಿನ ಅರ್ಧಕ್ಕೆ ಹಚ್ಚಬೇಕು. ಕಣ್ಣಿಗೆ ಚೊಕ್ಕ ಕಾಣುತ್ತದೆ, ಬ್ರಷ್ ಎತ್ತುವುದು ಮಾತ್ರ ಕೆಳಗಿನ ಹಳೇ ಗೆರೆಯನ್ನು. ಹಚ್ಚಿದಲ್ಲೆಲ್ಲ ಗೆರೆ ಹುಟ್ಟುತ್ತದೆ.

ಇದಕ್ಕೆ ನಾನು ಮಾಡಿದ ಜೋಡಣೆ ಹೀಗೆ. ಸ್ಕ್ಯಾನ್ ಮತ್ತು ರಿಪೇರಿ ಲೇಯರ್‌ಗಳನ್ನು ಒಂದು ಗ್ರೂಪ್‌ನಲ್ಲಿ ಇಡುತ್ತೇನೆ, ಲೆವೆಲ್ಸ್, ಬಣ್ಣ, ಮುಖದ ಪೇಂಟಿಂಗ್ ಎಲ್ಲ ಆ ಗ್ರೂಪ್‌ನ ಹೊರಗೆ, ಮೇಲೆ. ಒಂದು ಭಾಗ ಮುಗಿದಾಗ, ಅಂದರೆ ಹಣೆ ಆಯಿತು, ಗಲ್ಲ ಆಯಿತು ಅಂದಾಗ, ಆ ಗ್ರೂಪನ್ನು ಡೂಪ್ಲಿಕೇಟ್ ಮಾಡಿ ಒಂದೇ ಲೇಯರ್‌ಗೆ ಸೇರಿಸುತ್ತೇನೆ. ಆ ಸೇರಿಸಿದ ಲೇಯರನ್ನು ಎಳೆದು ಎಲ್ಲಕ್ಕಿಂತ ಕೆಳಗೆ, ಸ್ಕ್ಯಾನ್‌ನ ಅಡಿಯಲ್ಲಿ ಇಡುತ್ತೇನೆ. ಮೇಲೆ ಸ್ಕ್ಯಾನ್ ಪೂರ್ತಿ ಮುಚ್ಚಿರುವುದರಿಂದ ಅದು ಕಾಣುವುದೇ ಇಲ್ಲ, ಕಣ್ಣು ಮುಚ್ಚುವ ಅಗತ್ಯವೂ ಇಲ್ಲ. ಅದರ ಹೆಸರು 'ಮೂಲ'. ಅದನ್ನು ಆರಿಸಿ ಕಂಟ್ರೋಲ್ ಆಲ್ಟ್ ಕ್ಲಿಕ್, ಮತ್ತೆ ರಿಪೇರಿ ಲೇಯರ್‌ಗೆ ವಾಪಸ್. ಈಗ ಬ್ರಷ್ ಎತ್ತುವುದು ರಿಪೇರಿ ಆದ, ಆದರೆ ಕರೆಕ್ಷನ್ ಬೀಳದ, ಬಣ್ಣ ಹತ್ತದ ಪಿಕ್ಸೆಲ್. ನೋಡುವುದು ಮಾತ್ರ ಫಿಲ್ಟರ್ ದಾಟಿದ, ಚೆನ್ನಾಗಿ ಕಾಣುವ ಚಿತ್ರ. ಮುಂದಿನ ಭಾಗ ಮುಗಿದಾಗ ಹಳೇ 'ಮೂಲ' ಅಳಿಸಿ ಹೊಸದು. ಹಾಗಾಗಿ ಫೈಲ್‌ನಲ್ಲಿ ಯಾವಾಗಲೂ ಒಂದೇ ಒಂದು 78 ಎಂಬಿ ಜಾಸ್ತಿ, ಎಂಟು ಜಿಬಿಯಲ್ಲಿ ಆರಾಮಾಗಿ ಓಡುತ್ತದೆ. ಗ್ರೂಪನ್ನೇ ನೇರ ಮೂಲ ಮಾಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ನನಗೆ ಸತ್ತ, ಅಲುಗಾಡದ ಮೂಲವೇ ಇಷ್ಟ. ಹಚ್ಚುತ್ತಾ ಹಚ್ಚುತ್ತಾ ಮೂಲವೂ ಬದಲಾಗುತ್ತಿದ್ದರೆ ಒಂದೇ ರಂಧ್ರ, ಒಂದೇ ಚುಕ್ಕೆ ಸಾಲಾಗಿ ಮೂರು ನಾಲ್ಕು ಸಲ ಬಂದು ಬಿಡುತ್ತದೆ, ಅದು ಕ್ಲೋನ್ ಅಂತ ಕೂಸಿಗೂ ಗೊತ್ತಾಗುತ್ತದೆ.

ಇದೇ ಜೋಡಣೆ ಜಿಂಪ್‌ನಲ್ಲೂ ನಡೆಯುತ್ತದೆ. ಅಲ್ಲಿ ಇನ್ನೂ ಸುಲಭ, 'ಮೂಲ' ಲೇಯರ್ ಮೇಲೆ ನಿಂತು ಕಂಟ್ರೋಲ್ ಕ್ಲಿಕ್, ಆಮೇಲೆ ಬೇರೆ ಲೇಯರ್‌ಗೆ ಹೋಗಿ ಎಳೆಯಿರಿ, ಅಷ್ಟೇ. ಅಲೈನ್‌ಮೆಂಟ್‌ನಲ್ಲಿ 'ರಿಜಿಸ್ಟರ್ಡ್' ಅಂತ ಒಂದಿದೆ. ಅದನ್ನು ಹಾಕಿದರೆ ಮೂಲ ಲೇಯರ್‌ನ ಪಿಕ್ಸೆಲ್ ಅದೇ ಜಾಗಕ್ಕೆ ಬರುತ್ತದೆ, ಪಕ್ಕಕ್ಕೆ ಸರಿಯಲ್ಲ. ಮೇಲೆ ಹೇಳಿದ ಮಚ್ಚೆ ಇದೆಯಲ್ಲ, ಅಂಥದ್ದನ್ನು ಹಳೇ ಸ್ಕ್ಯಾನ್‌ನಿಂದ ವಾಪಸ್ ತರಲು ಇದು ಹೇಳಿ ಮಾಡಿಸಿದ್ದು. ಕ್ರಿಟಾದಲ್ಲಿ ನಾನು ಅದಕ್ಕೆ ರಿಪೇರಿ ಲೇಯರನ್ನು ಅಲ್ಲಿ ಅಳಿಸುತ್ತೇನೆ, ಕೆಳಗಿನ ಮಚ್ಚೆ ತಾನೇ ಕಾಣುತ್ತದೆ.

ಬ್ರಷ್ ಬಗ್ಗೆ ಎರಡು ಮಾತು. ಪೂರ್ತಿ ಮೆತ್ತನೆ ಅಂಚು ಬೇಡ. ಹಳೇ ಪ್ರಿಂಟ್‌ನ ಗ್ರೇನ್, ಅಂದರೆ ಸಣ್ಣ ಸಣ್ಣ ಕಣ, ಮೆತ್ತನೆ ಅಂಚಿನಲ್ಲಿ ಎರಡು ಸೇರಿ ನುಣ್ಣಗಾಗುತ್ತದೆ, ಆ ನುಣುಪು 18 ಇಂಚಿನ ಪ್ರಿಂಟ್‌ನಲ್ಲಿ ಎಣ್ಣೆ ಹಚ್ಚಿದ ಹಾಗೆ ಕಾಣುತ್ತದೆ. ನಾನು ಸ್ವಲ್ಪ ಗಟ್ಟಿ ಅಂಚೇ ಇಡುತ್ತೇನೆ, ಸೈಜ್ ಕಲೆಗಿಂತ ಒಂದಿಷ್ಟು ದೊಡ್ಡದು. ಹಚ್ಚಿದ್ದನ್ನು ಸುತ್ತಲಿನ ಬಣ್ಣಕ್ಕೆ ಹೊಂದಿಸುವ ಹೀಲಿಂಗ್ ಟಿಕ್ ಚರ್ಮಕ್ಕೆ ಮಾತ್ರ ಹಾಕುತ್ತೇನೆ. ಮೀಸೆ, ಕಣ್ಣಿನ ಅಂಚು, ಧೋತರದ ಅಂಚು ಬಂದಲ್ಲಿ ಹೀಲಿಂಗ್ ಬಳಸಿದರೆ ಕಪ್ಪು ಬಿಳಿ ಕಲಸಿ ಮಸಿ ಮಾಡುತ್ತದೆ. ಗ್ರೇನ್ ವಾಪಸ್ ತರಲು ನನ್ನದೇ ಒಂದು ಬ್ರಷ್ ಇದೆ, ಒಂದು ಹಾಳಾದ ಪ್ರಿಂಟ್‌ನಿಂದಲೇ ಮಾಡಿಕೊಂಡದ್ದು. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯಲ್ಲ, ಹೊಟ್ಟೆಪಾಡಿನ ಪ್ರಶ್ನೆ.

ನಡುವೆ ಒಂದು ಅಡ್ಡ ಪ್ರಯೋಗ ಹೇಳಲೇಬೇಕು. ಹಿಂದೆ ಸ್ಟುಡಿಯೋಗಳು ಸಿಲ್ಕ್ ಪೇಪರ್ ಮೇಲೆ ಪ್ರಿಂಟ್ ಹಾಕುತ್ತಿದ್ದವಲ್ಲ, ಮೇಲೆಲ್ಲ ಸಣ್ಣ ಸಣ್ಣ ಉಬ್ಬು. ಅದನ್ನು ಸ್ಕ್ಯಾನ್ ಮಾಡಿದರೆ ಪ್ರತಿ ಉಬ್ಬಿನ ಒಂದು ಬದಿಗೆ ಸ್ಕ್ಯಾನರ್ ದೀಪದ ಹೊಳಪು, ಇಡೀ ಮುಖದ ಮೇಲೆ ಬಿಳಿ ಚುಕ್ಕೆ ಚುಕ್ಕೆ. ಅದನ್ನು ಕ್ಲೋನ್‌ನಲ್ಲಿ ತೆಗೆಯಲು ಹೋದರೆ ಜನ್ಮ ಸಾಲಲ್ಲ. ನಾನು ಮಾಡುವುದು, ಒಮ್ಮೆ ನೇರ ಸ್ಕ್ಯಾನ್, ಇನ್ನೊಮ್ಮೆ ಫೋಟೋವನ್ನು ತಲೆಕೆಳಗೆ ಇಟ್ಟು ಸ್ಕ್ಯಾನ್. ಎರಡನೆಯದನ್ನು ಕಂಪ್ಯೂಟರ್‌ನಲ್ಲಿ 180 ಡಿಗ್ರಿ ತಿರುಗಿಸಿ ಮೊದಲನೆಯದರ ಮೇಲೆ ಇಟ್ಟು ಡಾರ್ಕನ್ ಮೋಡ್, ಅಂದರೆ ಎರಡರಲ್ಲಿ ಹೆಚ್ಚು ಕಪ್ಪಿರುವುದನ್ನು ಮಾತ್ರ ಉಳಿಸುವ ಮೋಡ್. ಹೊಳಪು ಒಂದರಲ್ಲಿ ಈ ಬದಿಗೆ, ಇನ್ನೊಂದರಲ್ಲಿ ಆ ಬದಿಗೆ ಇರುವುದರಿಂದ ಎರಡೂ ಕತ್ತರಿಸಿ ಹೋಗುತ್ತವೆ. ಪೂರ್ತಿ ಹೋಗಲ್ಲ, ಮುಕ್ಕಾಲು ಹೋಗುತ್ತದೆ. ಕಷ್ಟ ಇರುವುದು ಎರಡನ್ನೂ ಕೂಡಿಸುವುದರಲ್ಲಿ, ಒಂದು ಪಿಕ್ಸೆಲ್ ಸರಿದರೂ ಕಣ್ಣು ಎರಡಾಗುತ್ತದೆ. ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ ಎರಡು ಸಲ ಒಂದೇ ವೇಗದಲ್ಲಿ ಓಡುವುದೂ ಇಲ್ಲ. ಮುಖ ಒಂದನ್ನು ಸರಿ ಕೂಡಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತೇನೆ.

ಇನ್ನೊಂದು, ಬಿದ್ರಿ ಅಂಚು. ಬೀದರ್ ಕಡೆಯ ಒಬ್ಬ ಗಿರಾಕಿ ಫೋಟೋದ ಸುತ್ತ ಬಿದ್ರಿ ಕೆಲಸದ ಹಾಗೆ ಕಪ್ಪಿನ ಮೇಲೆ ಬೆಳ್ಳಿ ಬಳ್ಳಿ ಬೇಕು ಅಂದರು. ಅವರ ಮನೆಯ ಹೂದಾನಿಯ ಫೋಟೋ ತಂದಿದ್ದರು, ಅದರ ಮೇಲೆ ಅಶ್ರಫಿ ಬೂಟಿ ಅನ್ನುವ ಹೂವಿನ ನಮೂನೆ ಸಾಲಾಗಿತ್ತು. ಒಂದು ಬೂಟಿಯನ್ನು ಚೊಕ್ಕ ಮಾಡಿ ಒಂದು ಲೇಯರ್‌ನಲ್ಲಿ ಇಟ್ಟು ಅದನ್ನು ಕ್ಲೋನ್‌ಗೆ ಮೂಲ ಮಾಡಿದೆ. ಬ್ರಷ್ ಸೆಟ್ಟಿಂಗ್‌ನಲ್ಲಿ ಪ್ರತಿ ಹೊಸ ಗೀರಿಗೂ ಮೂಲ ಬಿಂದು ಮೊದಲಿನ ಜಾಗಕ್ಕೇ ವಾಪಸ್ ಬರಲಿ ಅನ್ನುವ ಟಿಕ್ ಇದೆ. ಅದನ್ನು ಹಾಕಿ, ಬ್ರಷ್ ಸೈಜ್ ಬೂಟಿಯಷ್ಟೇ ಇಟ್ಟು, ಒಂದೊಂದು ಕ್ಲಿಕ್‌ಗೆ ಒಂದೊಂದು ಬೂಟಿ. ಅರ್ಧ ಗಂಟೆಯಲ್ಲಿ ನಾಲ್ಕೂ ಬದಿ ಮುಗಿಯಿತು. ನೋಡಲು ಚೆನ್ನಾಗಿತ್ತು, ಆದರೆ ಮುದ್ರೆ ಒತ್ತಿದ ಕೆಲಸ ಅಂತ ಗೊತ್ತಾಗುತ್ತಿತ್ತು. ಬಿದ್ರಿ ಕೆಲಸಗಾರ ಉಳಿಯಿಂದ ಕೆತ್ತಿ ತಂತಿ ಕೂರಿಸಿದ ಬೂಟಿ ಎರಡು ಒಂದೇ ಥರ ಇರಲ್ಲ. ಆಮೇಲೆ ಮೂರು ಬೇರೆ ಬೇರೆ ಬೂಟಿ ಎತ್ತಿಕೊಂಡು ಕಲಸಿ ಹಾಕಿದೆ, ಗಿರಾಕಿ ಖುಷಿಯಿಂದ 500 ಜಾಸ್ತಿ ಕೊಟ್ಟರು. ಈಗ ಅಂಚಿಗೆ ಬೇರೆ ರೇಟ್ ಇಟ್ಟಿದ್ದೇನೆ.

ಸುರಪುರ ಶೈಲಿಯ ಒಂದು ಹಳೇ ಚಿತ್ರವನ್ನೂ ಒಬ್ಬರು ತಂದಿದ್ದರು, ಚಿನ್ನದ ಕೆಲಸ ಇದ್ದದ್ದು. ಅದನ್ನು ಸ್ಕ್ಯಾನರ್‌ನಲ್ಲಿ ಇಟ್ಟರೆ ಚಿನ್ನ ಎಲ್ಲ ಕೊಳಕು ಕಂದು ಬಣ್ಣಕ್ಕೆ ತಿರುಗುತ್ತದೆ, ಹೊಳಪು ಸೆನ್ಸರ್ ಕಡೆ ಬರುವುದೇ ಇಲ್ಲ. ಕಿಟಕಿ ಪಕ್ಕ ಓರೆ ಬೆಳಕಿನಲ್ಲಿ ಕ್ಯಾಮೆರಾದಿಂದ ಚಿನ್ನಕ್ಕೆ ಒಂದು ಫೋಟೋ, ಉಳಿದದ್ದಕ್ಕೆ ಸ್ಕ್ಯಾನ್, ಎರಡನ್ನೂ ಬೇರೆ ಲೇಯರ್‌ನಲ್ಲಿ ಇಟ್ಟು ಕ್ಲೋನ್‌ನಿಂದ ಚಿನ್ನವನ್ನು ಮಾತ್ರ ತಂದು ಕೂರಿಸಿದೆ. ಅದರ ರಿಪೇರಿ ಮಾಡಲು ಒಪ್ಪಲಿಲ್ಲ, ಕಾಪಿ ಮಾತ್ರ ಮಾಡಿಕೊಟ್ಟೆ. ಅಂಥ ಚಿತ್ರದಲ್ಲಿ ಹೋದ ಗೆರೆಯನ್ನು ನಾನು ಊಹಿಸಿ ಹಾಕುವುದು ಸರಿಯಲ್ಲ.

ಲೆಕ್ಕ ಕೇಳಿದರೆ, ಮೊದಲು ಒಂದು ಫೋಟೋಗೆ ಎರಡು ದಿನ ಹೋಗುತ್ತಿತ್ತು, ಬದಲಾವಣೆ ಸೇರಿ ಮೂರು. ಈಗ ಒಂದು ದಿನದೊಳಗೆ ಮುಗಿಯುತ್ತದೆ, ಬದಲಾವಣೆ ಅಂದರೆ ಹತ್ತು ನಿಮಿಷ. ಕಳೆದ ತೊಗರಿ ಸೀಸನ್‌ನಲ್ಲಿ ಕಲೆಯ ಕಾರಣಕ್ಕೆ ವಾಪಸ್ ಬಂದ ಫ್ರೇಮ್ ಒಂದೂ ಇಲ್ಲ. ಲ್ಯಾಬಿನ ಹಿರಿಯರೇ ಒಂದು ಫೈಲ್ ತೆರೆದು ಲೇಯರ್ ಒಂದೊಂದಾಗಿ ಮುಚ್ಚಿ ತೆಗೆದು ನೋಡಿದರು. ಏನೂ ಹೇಳಲಿಲ್ಲ, ಮುಂದಿನ ವಾರ ತಮ್ಮ ಹತ್ತಿರ ಬಂದಿದ್ದ ಒಂದು ಕಷ್ಟದ ಫೋಟೋ ನನಗೆ ಕಳಿಸಿದರು.

ಒಂದು ವಿಷಯ ಬಾಕಿ ಇದೆ. ಎಲ್ಲ ಮುಗಿಸಿ ಒಂದೇ ಲೇಯರ್ ಮಾಡಿ, 8 ಬಿಟ್ ಎಸ್‌ಆರ್‌ಜಿಬಿ ಜೆಪೆಗ್ ಮಾಡಿ ಲ್ಯಾಬಿಗೆ ಕೊಡುವಾಗ 'ಕರೆಕ್ಷನ್ ಬೇಡ' ಅಂತ ಕವರ್ ಮೇಲೆ ದೊಡ್ಡದಾಗಿ ಬರೆಯಿರಿ, ಬಾಯಲ್ಲೂ ಹೇಳಿ. ಮಷಿನ್‌ನಲ್ಲಿ ಆಟೋ ಕರೆಕ್ಷನ್ ಹಾಕಿಟ್ಟಿದ್ದರೆ ಅದು ಮತ್ತೆ ಕಾಂಟ್ರಾಸ್ಟ್ ಎಳೆಯುತ್ತದೆ, ನೀವು ಮನೆಯಲ್ಲಿ ಎಷ್ಟೇ ಚೊಕ್ಕ ಮಾಡಿರಲಿ, ಕೂದಲ ನೆರಳು ಹೋಗಿ ಒಂದೇ ಕಪ್ಪು ಆಗುತ್ತದೆ. ಮೊದಲು 4ಕ್ಕೆ 6ರ ಒಂದು ಸಣ್ಣ ಪ್ರಿಂಟ್ ಹಾಕಿಸಿ, ಹತ್ತಿಪ್ಪತ್ತು ರೂಪಾಯಿ, ಹೊರಗೆ ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ದೊಡ್ಡದಕ್ಕೆ ಕೊಡಿ.